ಎಬಿಎಸ್ ಇದ್ದರೆ ಸಾಕೇ?

ಅಬ್ಬಾ ಓಡಿಸಿದ್ದು ಮೈಸೂರಿನಲ್ಲೇ ತಯಾರಾದ ಯೆಜ್ಡಿ. ಡ್ರಮ್ ಬ್ರೇಕ್; ಎಷ್ಟು ಒತ್ತಬೇಕೆಂದು ಕೈಕಾಲುಗಳೇ ಅಳೆಯಬೇಕಿತ್ತು. ಅಣ್ಣನ ಹೊಸ ಬೈಕಿಗೆ ಎಬಿಎಸ್ ಇದೆ. "ಇನ್ನು ಮಳೆಯಲ್ಲೂ ಭಯವಿಲ್ಲ" ಎಂದ. ಅವನ ಮಾತನ್ನು ನಮ್ಮ ಘರ್ಷಣೆಯ ಪಾಠದಿಂದ ಪರೀಕ್ಷಿಸಿದೆ.

ಉರುಳುವ ಟೈರಿಗೆ ಸ್ಥಾಯಿ ಘರ್ಷಣೆ ಸಿಗುತ್ತದೆ. ಚಕ್ರ ಲಾಕ್ ಆಗಿ ಜಾರಿದರೆ ಸಿಗುವುದು ಅದಕ್ಕಿಂತ ಕಡಿಮೆಯಾದ ಜಾರು ಘರ್ಷಣೆ. ಚಕ್ರ ಲಾಕ್ ಆಗುವಂತಾದಾಗ ಎಬಿಎಸ್ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಬಿಗಿ ಮಾಡುತ್ತದೆ. ಆದರೆ ಒದ್ದೆ ರಸ್ತೆಯ ಹಿಡಿತವನ್ನು ಅದು ಹೆಚ್ಚಿಸಲಾರದು.

ಬ್ರೇಕ್ ಹಿಡಿದ ಮೇಲೆ ಸಾಗುವ ದೂರ = ವೇಗದ ವರ್ಗ ÷ (2 × ಘರ್ಷಣಾಂಕ × 9.8). ಗಂಟೆಗೆ 60 ಕಿ.ಮೀ. ವೇಗದಲ್ಲಿ, ಒಣ ರಸ್ತೆಯ ಘರ್ಷಣಾಂಕ 0.7 ಎಂದಿಟ್ಟರೆ ಸುಮಾರು 20 ಮೀಟರ್. ಒದ್ದೆ ರಸ್ತೆಗೆ 0.4 ಎಂದಿಟ್ಟರೆ 35 ಮೀಟರ್. ವೇಗ 30ಕ್ಕೆ ಇಳಿದರೆ ಒದ್ದೆಯಲ್ಲೂ 9 ಮೀಟರ್ ಸಾಕು.

ಮೋಟೋಜಿಪಿ ರೇಸಿನಲ್ಲಿ ಹಿಂದಿನ ಚಕ್ರ ಜಾರದಂತೆ ಎಂಜಿನ್ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಉಂಟು. 2016ರಿಂದ ಎಲ್ಲ ತಂಡಗಳಿಗೂ ಒಂದೇ ಸಾಫ್ಟ್‌ವೇರ್. ಎಬಿಎಸ್‌ಗೆ ಮಾತ್ರ ಅನುಮತಿಯಿಲ್ಲ. ಬ್ರೇಕ್ ಎಲ್ಲಿ, ಎಷ್ಟು ಎಂಬುದು ಸವಾರನ ಕೌಶಲ.

ನಮ್ಮ ಹುಣಸೂರು ರಸ್ತೆ ರೇಸ್ ಟ್ರ್ಯಾಕ್ ಅಲ್ಲ. ಇಲ್ಲಿ ಎಬಿಎಸ್ ಬೇಕೇ ಬೇಕು. ಆದರೆ ಮಳೆ ಕಂಡಾಗ ವೇಗ ಇಳಿಸಬೇಕಾದವರು ನಾವೇ. ಲೆಕ್ಕ ನೋಡಿ ಅಣ್ಣನೂ ಒಪ್ಪಿದ.