ಹಳೇ ಮಿಲಿಟರಿ ಲಾರಿ, ದೂರದ ದಾರಿ

1919ರ ಜುಲೈ 7ರಂದು ಅಮೆರಿಕದ ಸೇನಾ ವಾಹನಗಳ ದೊಡ್ಡ ಸಾಲೊಂದು ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿತು. ತಲುಪಿದ್ದು ಸೆಪ್ಟೆಂಬರ್ 6ಕ್ಕೆ. ಆ ಸಾಲಿನಲ್ಲಿದ್ದ ಯುವ ಅಧಿಕಾರಿ ಡ್ವೈಟ್ ಐಸೆನ್‌ಹೋವರ್ ಮುಂದೆ ಅಧ್ಯಕ್ಷರಾಗಿ, 1956ರಲ್ಲಿ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು. ಹಳೆಯ ಸೇನಾ ವಾಹನಗಳ ಒಡೆಯರು 2009ರಲ್ಲಿ ಅದೇ ಹಾದಿಯನ್ನು ಮತ್ತೆ ಹಿಡಿದರು. ಅಂಥ ಪಯಣದ ಕನಸಿಟ್ಟುಕೊಂಡು ಹಲವರು ಹರಾಜಿನಲ್ಲಿ ಕೊಳ್ಳುವ ಗಾಡಿ ಎಂ35ಎ2. ಎರಡೂವರೆ ಟನ್ ಹೊರುವ, ಹತ್ತು ಟಯರಿನ ಲಾರಿ. ಗಟ್ಟಿ ಗಾಡಿ ನಿಜ, ಆದರೆ ವರ್ಷಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಅದನ್ನು ದೂರದ ಊರಿಗೆ ಅಣಿಗೊಳಿಸುವುದು ಹೀಗೆ.

1. ಮೊದಲು ಬ್ರೇಕು, ಆಮೇಲೆ ಇಂಜಿನ್ನು. ಸ್ಟಾರ್ಟ್ ಆದ ಖುಷಿಯಲ್ಲಿ ಹೊರಟುಬಿಡಬೇಡಿ. ಈ ಲಾರಿಯ ಆರೂ ಬ್ರೇಕ್ ಡ್ರಮ್ಮುಗಳಿಗೆ ಇರುವುದು ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಲೈನು. ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ, ಸುಮಾರು ಆರು ಟನ್ ತೂಕದ ಗಾಡಿಗೆ ಬ್ರೇಕೇ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಒಂದು ಡ್ರಮ್ಮನ್ನು ಮಾತ್ರ ಹಿಡಿಯುತ್ತದೆ. ನಿಂತ ಗಾಡಿಗೆ ಅದು ಸಾಕು, ಇಳಿಜಾರಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಹೋಸುಗಳನ್ನು ನೋಡಲು ಚೆನ್ನಾಗಿದ್ದರೂ ಬದಲಿಸಿ. ವೀಲ್ ಸಿಲಿಂಡರಿನ ರಬ್ಬರ್ ಸಿಪ್ಪೆ ಎತ್ತಿ, ಒಳಗೆ ಪಸೆ ಇದೆಯೇ ಎಂದು ಬೆರಳಿಟ್ಟು ನೋಡಿ. ಪಸೆ ಇದ್ದರೆ ಅದೂ ಹೊಸದಾಗಬೇಕು. ಸೇನೆ ಬಳಸುತ್ತಿದ್ದದ್ದು ನೇರಳೆ ಬಣ್ಣದ ಸಿಲಿಕೋನ್ ಬ್ರೇಕ್ ಆಯಿಲ್. ಅದಕ್ಕೆ ಮಾಮೂಲಿ ಆಯಿಲ್ ಬೆರೆಸಬಾರದು. ಖರ್ಚು ಉಳಿಸಲು ಇದು ಜಾಗವಲ್ಲ.

2. ಗಾಳಿ ತುಂಬುವವರೆಗೆ ಕದಲಬೇಡಿ. ಬ್ರೇಕಿಗೆ ಬಲ ಕೊಡುವುದು ಗಾಳಿಯ ಒತ್ತಡ. ಮುಳ್ಳು 60 ಪಿಎಸ್‌ಐ ಆಸುಪಾಸು ದಾಟುವ ತನಕ ಬಜರ್ ಕೂಗುತ್ತಿರುತ್ತದೆ. ಅದು ಸದ್ದು ಮಾಡದಿದ್ದರೆ ರಿಪೇರಿ ಮಾಡಿಸಿ.

3. ಟಯರಿನ ವಯಸ್ಸು ಓದಿ. ಗುಬ್ಬಿ ಸವೆಯದ ಟಯರೂ ಒಳಗೆ ಒಣಗಿರಬಹುದು. ಪಕ್ಕೆಯ ಮೇಲೆ 'ಡಾಟ್' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2309 ಆಗಿದ್ದರೆ ಅದು 2009ರ 23ನೇ ವಾರದ್ದು. ಮೂರೇ ಅಂಕಿ ಇದ್ದರೆ ಕಳೆದ ಶತಮಾನದ್ದು, ಬಿಚ್ಚಿ ಎಸೆಯಿರಿ. ಲಾಕ್ ರಿಂಗ್ ಇರುವ ಈ ರಿಮ್ಮುಗಳಿಗೆ ಗಾಳಿ ತುಂಬುವಾಗ ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುವ ಅಂಗಡಿಯಲ್ಲೇ ಮಾಡಿಸಿ.

4. ಎಡಗಡೆಯ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇದೆ. ಕತ್ತಲಲ್ಲಿ, ಮಳೆಯಲ್ಲಿ, ರಸ್ತೆ ಬದಿಯಲ್ಲಿ ಇದು ನೆನಪಾಗದೆ ಬೋಲ್ಟು ಮುರಿದುಕೊಂಡವರಿದ್ದಾರೆ. ಹೊರಡುವ ಮೊದಲೇ ಮನೆಯಂಗಳದಲ್ಲಿ ಹಿಂದಿನ ಜೋಡಿ ಟಯರುಗಳಲ್ಲಿ ಒಳಗಿನದನ್ನು ಒಮ್ಮೆ ಬಿಚ್ಚಿ ಹಾಕಿ. ಜಾಕಿ ಸಾಕಷ್ಟು ಏಳುತ್ತದೆಯೇ, ಪಾನಾ ಹಿಡಿಯುತ್ತದೆಯೇ, ಸ್ಟೆಪ್ನಿಯನ್ನು ಇಳಿಸಲು ಎಷ್ಟು ಜನ ಬೇಕು ಎಂಬುದೆಲ್ಲ ಅಲ್ಲೇ ಗೊತ್ತಾಗಲಿ.

5. ಎಣ್ಣೆ, ಫಿಲ್ಟರ್, ಬೆಲ್ಟ್, ರೇಡಿಯೇಟರ್ ಹೋಸ್ ಎಲ್ಲ ಹೊಸದು. ಡೀಸೆಲ್ ಟ್ಯಾಂಕಿನ ತಳದ ಕೆಸರನ್ನು ಬಸಿದು ತೆಗೆಯಿರಿ. ತೆಗೆಯದಿದ್ದರೆ ಮೊದಲ ಘಾಟಿಯಲ್ಲೇ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

6. ಕರೆಂಟು 24 ವೋಲ್ಟಿನದು. ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಕೂತಿರುತ್ತವೆ. ಎರಡನ್ನೂ ಒಟ್ಟಿಗೇ ಬದಲಿಸಿ, ಬಲ್ಬುಗಳನ್ನು ಮನೆಯಿಂದಲೇ ಒಯ್ಯಿರಿ.

7. ನೂರಾರು ಮೈಲಿಗೆ ಮುನ್ನ ಮೂವತ್ತು ಮೈಲಿ. ಅಷ್ಟು ಓಡಿಸಿ ನಿಲ್ಲಿಸಿ, ಆರೂ ಹಬ್ಬುಗಳ ಬಳಿ ಅಂಗೈ ಒಯ್ಯಿರಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಅಂಟುತ್ತಿದೆ. ಬಿಚ್ಚದೆ ಮುಂದೆ ಹೋಗಬೇಡಿ. ದಾರಿಯುದ್ದಕ್ಕೂ ಪ್ರತಿ ನಿಲುಗಡೆಯಲ್ಲಿ ಇದೇ ಪರೀಕ್ಷೆ ನಡೆಯಲಿ.

8. ಸೇನೆಯ ಕೈಪಿಡಿಯೇ ಗುರು. ಟಿಎಂ 9-2320-361-10 ಎಂಬ ಪುಸ್ತಕದಲ್ಲಿ ಹೊರಡುವ ಮೊದಲು, ಓಡುವಾಗ, ನಿಂತ ಮೇಲೆ ಏನೇನು ನೋಡಬೇಕೆಂದು ಚಿತ್ರ ಸಮೇತ ಕೊಟ್ಟಿದ್ದಾರೆ. ಗಾಡಿಯ ಗಂಧವಿಲ್ಲದ ಹೊಸಬರಿಗೂ ಅರ್ಥವಾಗುವಂತೆ ಬರೆದ ಇಂಥ ಪುಸ್ತಕ ಇಂದಿನ ಕಾರುಗಳ ಜೊತೆ ಬರುವುದಿಲ್ಲ. ಮುದ್ರಿಸಿ ಕ್ಯಾಬಿನ್ನಿನಲ್ಲಿಡಿ.

9. ಲೆಕ್ಕ ಹಾಕಿ ಹಾದಿ ಆರಿಸಿ. ಈ ಲಾರಿಯ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಹಿತವಾದ ವೇಗ 70ರಿಂದ 80. ಟ್ಯಾಂಕಿಗೆ ಸುಮಾರು 190 ಲೀಟರ್ ಹಿಡಿಯುತ್ತದೆ, ಲೀಟರಿಗೆ ಹೆಚ್ಚುಕಮ್ಮಿ ನಾಲ್ಕು ಕಿಲೋಮೀಟರ್ ಓಡುತ್ತದೆ. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹಿಂದಿನಿಂದ ಬರುವವರಿಗೆ ನೀವು ತಡೆಯಾಗುತ್ತೀರಿ. ಹಳೆಯ ಲಿಂಕನ್ ಹೈವೇಯ ಗುಂಟ ಸಾಗುವ ಯು.ಎಸ್. 30ರಂಥ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಟಾರ್ಪಾಲಿನ ಎತ್ತರ ಅಳೆದು ಸ್ಟೀರಿಂಗ್ ಮುಂದೆ ಬರೆದು ಅಂಟಿಸಿ. ಪೆಟ್ರೋಲ್ ಬಂಕಿನ ಚಾವಣಿ, ಮೋಟೆಲ್ಲಿನ ಮುಂಭಾಗ ತಗ್ಗಾಗಿರುವುದುಂಟು.

10. ಇಳಿಯುವ ಮೊದಲೇ ಗೇರ್ ಇಳಿಸಿ. ಘಾಟಿಯ ನೆತ್ತಿಯಲ್ಲೇ ಕೆಳಗಿನ ಗೇರಿಗೆ ಬಂದು, ಅದರಲ್ಲೇ ಬುಡದವರೆಗೂ ಇಳಿಯಿರಿ. ತಳ ಮುಟ್ಟಿ ಗಾಡಿ ನಿಲ್ಲಿಸಿದ ಮೇಲೂ ಇಂಜಿನ್ನನ್ನು ಮೂರರಿಂದ ಐದು ನಿಮಿಷ ಐಡಲ್‌ನಲ್ಲಿ ಬಿಡಿ. ಟರ್ಬೊದ ಬೇರಿಂಗಿಗೆ ಎಣ್ಣೆ ಹರಿಯುತ್ತಲೇ ಅದು ತಣಿಯಬೇಕು. ಆಮೇಲೆ ಸ್ಟಾಪ್ ಹಿಡಿಕೆ ಎಳೆಯಿರಿ.