ಬಾಣಂತಿಗೆ ನೀರೂ ಬೇಕು, ಸೊಪ್ಪೂ ಬೇಕು



ಹಸು ಕರು ಹಾಕಿದಾಗ ಬಾನಿಗೆ ನೀರು ತುಂಬಿಸುವುದನ್ನು ನೀವು ಮರೆಯುವುದಿಲ್ಲ. ಆದರೆ ಮನೆಯ ಮಗಳೋ ಸೊಸೆಯೋ ಹೆತ್ತಾಗ, "ನೀರು ಕುಡಿದರೆ ಮೈ ಊದುತ್ತದೆ" ಎಂದು ಲೋಟ ಎತ್ತಿಡುವ ಮನೆಗಳು ಇನ್ನೂ ಇವೆ. ಸೊಪ್ಪು, ಮೊಸರು ಕೂಡದೆಂಬ ಪಥ್ಯವೂ ಜೊತೆಗಿರುತ್ತದೆ. ಇದರಿಂದಾಗುವ ಕೇಡನ್ನು ಅರಿತುಕೊಳ್ಳಿರಿ.

ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಬರುತ್ತದೆ. ಇದು ಪ್ರಕೃತಿಯ ಏರ್ಪಾಡು. ಹೆರಿಗೆಯಾದ ಮೇಲೂ ಸುಮಾರು 6 ವಾರ ಈ ಗುಣ ಉಳಿಯುತ್ತದೆ. ಆಗ ನೀರು ಸಾಲದಾದರೆ ರಕ್ತ ಮಂದವಾಗುತ್ತದೆ. ಸದಾ ಮಲಗಿದ್ದರೆ ಕಾಲಿನಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ. ಕಾಲಿನ ಇಲ್ಲವೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು.

ಜೀವಸತ್ವದ ಕೊರತೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಫೋಲಿಕ್ ಆಮ್ಲ, ಬಿ-12 ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ. ಅದು ಏರಿದವರಿಗೆ ಹೆಪ್ಪಿನ ಭಯ ಹೆಚ್ಚು. ಫೋಲಿಕ್ ಅಂಶವು ಸೊಪ್ಪು, ಹೆಸರುಕಾಳು, ಕಡಲೆಯಲ್ಲಿದೆ; ಬಹಳ ಹೊತ್ತು ಕುದಿಸಿ ನೀರು ಬಸಿದರೆ ಬಹುಪಾಲು ಹೋಗುತ್ತದೆ. ಬಿ-12 ಸೊಪ್ಪಿನಲ್ಲಿಲ್ಲ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಇದ್ದ ಹಾಲನ್ನೆಲ್ಲ ಡೈರಿಗೆ ಹಾಕಿ ಬಾಣಂತಿಗೆ ಬರೀ ತಿಳಿಸಾರು ಅನ್ನ ಬಡಿಸುವುದು ಲಾಭವಲ್ಲ. ಬಸಿರಿನಲ್ಲಿ ರಕ್ತದ ಕೊಬ್ಬು ತಾನಾಗಿ ಏರಿದ್ದು, ಹೆರಿಗೆಯ ನಂತರ ಮೆಲ್ಲಗೆ ಇಳಿಯುತ್ತದೆ. ಆದುದರಿಂದ ತುಪ್ಪ ಚಮಚದ ಲೆಕ್ಕದಲ್ಲಿರಲಿ, ಬಟ್ಟಲಿನ ಲೆಕ್ಕದಲ್ಲಿ ಬೇಡ.

ಮಾಡತಕ್ಕದ್ದು ಇಷ್ಟು:

1. ಬಾಯಾರಿದಾಗಲೆಲ್ಲ ಕಾಯಿಸಿ ಆರಿಸಿದ ನೀರು ಕೊಡಿರಿ. ಮೊಲೆಯೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು.

2. ದಿನವೂ ಸೊಪ್ಪು, ಬೇಳೆ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ.

3. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ 180 ದಿನ.

4. ವೈದ್ಯರು ಬೇಡವೆನ್ನದಿದ್ದರೆ, ಎದ್ದು ಓಡಾಡಲಿ.

ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಕೈಕಾಲು ಸೋಲುವುದು, ಒಂದೇ ಕಾಲಿನ ಊತ, ಎದೆನೋವು, ಏದುಸಿರು ಕಂಡರೆ "ಬಾಣಂತಿ ಸನ್ನಿ" ಎಂದು ತಾಯಿತ ಕಟ್ಟಿಸುತ್ತ ಕೂರಬೇಡಿರಿ. ಕೂಡಲೇ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಿರಿ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಗುಣವಾಗಿ ಕೂಸಿನೊಡನೆ ಮನೆಗೆ ಮರಳುತ್ತಾರೆ.