ಮೆಸ್ಸಿನಲ್ಲಿ ನೀನು ಕಾಣದಿದ್ದರೆ ಯಾರು ಕೇಳುತ್ತಾರೆ?

ಮಗೂ,

“ಅವಳ ಕೈಯಿಂದ ಆ ಫೋನು ಸ್ವಲ್ಪ ಬಿಡಿಸೋ ಹಾಗೆ ನಾಲ್ಕು ಮಾತು ಬರೀರಿ ಮೇಷ್ಟ್ರೇ” ಎಂದು ನಿಮ್ಮಪ್ಪ ಕೇಳಿದ. ಅವನಿಗೂ ಪಾಠ ಹೇಳಿದವನು ನಾನು, ಅವನ ಮಾತು ತಳ್ಳಿಹಾಕಲಾರೆ. ಆದರೂ ಅಂಥ ಕಾಗದ ಬರೆಯಲು ನನಗೆ ಮನಸ್ಸಿಲ್ಲ. ಪರೀಕ್ಷೆಯ ಅರ್ಜಿ, ಫಲಿತಾಂಶ, ವಿದ್ಯಾರ್ಥಿವೇತನ, ನೋಟ್ಸು, ತಿಂಗಳ ಖರ್ಚಿನ ದುಡ್ಡು ಎಲ್ಲವೂ ಆ ಫೋನಿನೊಳಗೇ ಇರುವಾಗ ‘ಫೋನ್ ಮುಟ್ಟಬೇಡ’ ಎನ್ನುವುದು ಬುದ್ಧಿಮಾತಾಗದೆ ಗೊಣಗಾಟವಾಗುತ್ತದೆ. ಧಾರಾಳವಾಗಿ ಬಳಸು. ಯಾವುದನ್ನು ಯಾವ ಕೆಲಸಕ್ಕೆ ಬಳಸಬೇಕು, ಎಲ್ಲಿ ಅದನ್ನು ಬದಿಗಿಟ್ಟು ಮನುಷ್ಯರ ಬಳಿ ಹೋಗಬೇಕು ಎನ್ನುವುದು ಗೊತ್ತಿರಲಿ, ಅಷ್ಟೆ.

ಮೊದಲು ಓದಿನ ಮಾತು. ನಮ್ಮ ಕಾಲದಲ್ಲಿ ಒಳ್ಳೆಯ ಮೇಷ್ಟ್ರು ಸಿಗುವುದು ಅದೃಷ್ಟದ ವಿಷಯವಾಗಿತ್ತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಶುರು ಮಾಡಿದ ಮೇಲೆ ಆ ಅದೃಷ್ಟ ಎಲ್ಲರ ಮನೆಬಾಗಿಲಿಗೂ ಬಂದಿದೆ. ಐಐಟಿ ಮದ್ರಾಸಿನ ಪ್ರೊಫೆಸರ್ ವಿ. ಬಾಲಕೃಷ್ಣನ್ ಅವರು ಭೌತಶಾಸ್ತ್ರ ಹೇಳಿಕೊಡುವುದನ್ನು ನಿನ್ನ ಹಾಸ್ಟೆಲ್ ಮಂಚದ ಮೇಲೆ ಕೂತೇ ಕೇಳಬಹುದು, ಅದೂ ಕಾಸು ಕೊಡದೆ. ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಿಗೆ ಕ್ರೆಡಿಟ್ ಕೂಡ ಸಿಗುತ್ತದೆ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಹೀಗೆ ಓದಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ನಿನ್ನ ವಿಭಾಗ ಯಾವ ಕೋರ್ಸನ್ನು ಒಪ್ಪುತ್ತದೆ ಎಂದು ಮುಖ್ಯಸ್ಥರನ್ನು ಮೊದಲೇ ಕೇಳು. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಇನ್ನೊಂದು, ಜುಲೈ ತಿಂಗಳ ಹುರುಪಿನಲ್ಲಿ ಆರು ಕೋರ್ಸುಗಳಿಗೆ ಹೆಸರು ಕೊಟ್ಟು ಸೆಪ್ಟೆಂಬರಿಗೆ ಆರನ್ನೂ ಕೈಬಿಟ್ಟು, ‘ನನ್ನ ಕೈಲಿ ಏನೂ ಆಗಲ್ಲ’ ಎಂದು ಕೊರಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಒಂದನ್ನೇ ಹಿಡಿ, ಅದನ್ನು ಮುಗಿಸು.

ಕೇಳಿದ್ದೆಲ್ಲ ಕಲಿತಂತೆ ಆಗುವುದಿಲ್ಲ ಎನ್ನುವುದನ್ನು ಮರೆಯಬೇಡ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿ 2006ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ ಅದರಲ್ಲಿ ನೆನಪಿದ್ದದ್ದು ಶೇ. 42, ಮುಚ್ಚಿಟ್ಟು ಬರೆದ ಪಾಠದಲ್ಲಿ ಶೇ. 56. ಪರೀಕ್ಷೆಯ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್ ತಿರುವಿ ತಿರುವಿ ‘ಎಲ್ಲ ಬರುತ್ತೆ’ ಎಂದುಕೊಂಡು ಹೋಗಿ, ಪ್ರಶ್ನೆಪತ್ರಿಕೆ ಕಂಡೊಡನೆ ಕಕ್ಕಾಬಿಕ್ಕಿಯಾಗುವುದು ಇದರಿಂದಲೇ. ಸರಿಯಾದ ಅಂತರ ಬಿಟ್ಟು ಹಳೆಯ ಪಾಠವನ್ನು ನಿನ್ನಿಂದಲೇ ಕೇಳಿಸಿಕೊಳ್ಳುವ ‘ಆಂಕಿ’ಯಂಥ ಆ್ಯಪ್ ಇದೆ, ಆಂಡ್ರಾಯ್ಡ್ ಫೋನಿನಲ್ಲಿ ಉಚಿತ. ಅದು ಒಗ್ಗದಿದ್ದರೆ ರಫ್ ಹಾಳೆ, ಪೆನ್ನು ಸಾಕು.

ಇನ್ನು ಚಾಟ್‌ಜಿಪಿಟಿಯಂಥವುಗಳ ಮಾತು. 2022ರ ನವೆಂಬರಿನಲ್ಲಿ ಅದು ಬಂದ ಮೇಲೆ ಮೇಷ್ಟ್ರುಗಳು ಬೈದದ್ದೂ ಆಯಿತು, ಮಕ್ಕಳು ಬಿಡದೆ ಬಳಸಿದ್ದೂ ಆಯಿತು. ನಿನಗೆ ಅದರಿಂದ ದೊಡ್ಡ ಉಪಯೋಗ ಇದೆ ಎಂದೇ ನನ್ನ ಲೆಕ್ಕ. ಹತ್ತನೇ ತರಗತಿಯ ತನಕ ಕನ್ನಡದಲ್ಲಿ ಓದಿದವಳು ನೀನು. ಪಿಯುಸಿ, ಪದವಿ ಹೇಗೋ ಮುಗಿದವು. ಈಗ ಸ್ನಾತಕೋತ್ತರ ತರಗತಿಯ ಸೆಮಿನಾರಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲೇ ಹೇಳಬೇಕು, ಪ್ರಶ್ನೆಗೆ ಉತ್ತರ ಕೊಡಬೇಕು. ಗೊತ್ತಿರುವುದೂ ಗಂಟಲಲ್ಲೇ ಉಳಿದಾಗ, ನಗರದ ಹುಡುಗರು ಸರಾಗವಾಗಿ ಮಾತಾಡುವುದನ್ನು ಕಂಡಾಗ, ‘ನಾನು ದಡ್ಡಿ’ ಎಂಬ ಭಾವನೆ ಮೆಲ್ಲಗೆ ಬೇರೂರುತ್ತದೆ. ವಿಷಯ ಬಾರದೆ ಕುಗ್ಗಿದವರಿಗಿಂತ ಭಾಷೆಯ ನಾಚಿಕೆಯಿಂದ ಕುಗ್ಗಿದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಈ ನಾಚಿಕೆ ಯಂತ್ರದ ಮುಂದೆ ಬೇಕಿಲ್ಲ. ಭೌತಶಾಸ್ತ್ರದ ಪಾಯ್ಸನ್ ಬ್ರಾಕೆಟ್ ಎಂದರೇನು ಎಂದು ಹತ್ತು ಸಲ ಕೇಳು, ಕನ್ನಡದಲ್ಲಿ ಕೇಳು, ಅದು ಮುಖ ಸಿಂಡರಿಸುವುದಿಲ್ಲ. ಅರ್ಥವಾದ ಮೇಲೆ ನಿನ್ನದೇ ಮುರುಕು ಇಂಗ್ಲಿಷಿನಲ್ಲಿ ಬರೆದು, ತಪ್ಪೆಲ್ಲಿದೆ ಎಂದು ಕೇಳು. ‘ನೀನು ವೈವಾ ಪರೀಕ್ಷಕ, ನನಗೆ ಪ್ರಶ್ನೆ ಹಾಕು’ ಎಂದು ಹೇಳು. ಆದರೆ ಅದರ ಕೈಲಿ ಅಸೈನ್‌ಮೆಂಟ್ ಬರೆಸಿದರೆ ಕಲಿಯುವ ಅವಕಾಶ ಕಳೆದುಕೊಳ್ಳುವವಳು ನೀನು. ಈಜು ಕಲಿಯಲು ಬಂದವಳು ಬೇರೆಯವರನ್ನು ಕೆರೆಗೆ ಇಳಿಸಿ ದಡದಲ್ಲಿ ಕೂತ ಹಾಗೆ ಅದು. ಜೊತೆಗೆ, ಇಲ್ಲದ ಪುಸ್ತಕಕ್ಕೆ ಹೆಸರು ಕೊಟ್ಟು, ಇಲ್ಲದ ಲೇಖನಕ್ಕೆ ವರ್ಷ, ಪುಟಸಂಖ್ಯೆ ಹಾಕಿ ನಂಬಿಸುವ ಚಾಳಿ ಅದಕ್ಕಿದೆ. ಅದು ಹೇಳಿದ ಆಕರವನ್ನು ಗ್ರಂಥಾಲಯದಲ್ಲೋ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲೋ ಕಣ್ಣಾರೆ ಕಾಣುವ ತನಕ ಬರೆಯಬೇಡ.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ವಿದ್ಯಾರ್ಥಿವೇತನ ತಡವಾದಾಗ ‘ಐದು ನಿಮಿಷದಲ್ಲಿ ಸಾಲ’ ಎನ್ನುವ ಆ್ಯಪ್‌ಗಳು ಕಣ್ಣಿಗೆ ಬೀಳುತ್ತವೆ. ಫೋನಿನಲ್ಲಿರುವ ಫೋಟೊ, ನಂಬರುಗಳನ್ನು ಇಟ್ಟುಕೊಂಡು ಬೆದರಿಸುವ ಸಾಲದ ಆ್ಯಪ್‌ಗಳಿವೆ, ಆ ಕಡೆ ತಲೆ ಹಾಕಬೇಡ. ಮೋಸ ಹೋದರೆ ಬಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡು, ಆಮೇಲೆ ಮನೆಗೆ ಹೇಳು. ನಿಮ್ಮಪ್ಪ ಬೈಯಬಹುದು, ಬಿಟ್ಟುಕೊಡುವುದಿಲ್ಲ.

ಈಗ ಮನಸ್ಸಿನ ಮಾತಿಗೆ ಬರುತ್ತೇನೆ. ಅರ್ಧರಾತ್ರಿ ನಿದ್ದೆ ಬಾರದೆ ಒದ್ದಾಡುವಾಗ ಎಲ್ಲವನ್ನೂ ಆ ಚಾಟ್ ಯಂತ್ರಕ್ಕೇ ಹೇಳಿಕೊಳ್ಳೋಣ ಅನ್ನಿಸಬಹುದು. ಈ ಸೆಳೆತ ಹೊಸದಲ್ಲ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಪ್ರಕಟಿಸಿದರು. ಹೆಚ್ಚಾಗಿ ನಾವು ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದೇ ಅದರ ಕೆಲಸ. ಅದನ್ನು ಅವರು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಿಗೆ ಕೂತಾಗ, ಸ್ವಲ್ಪ ಹೊತ್ತಿಗೆ ವೈಜನ್‌ಬಾಮ್‌ರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡರಂತೆ. ಕೇಳಿಸಿಕೊಳ್ಳುವವರಿಗಾಗಿ ಮನುಷ್ಯರು ಅಷ್ಟು ಹಂಬಲಿಸುತ್ತಾರೆ. ಇಂದಿನ ಯಂತ್ರಗಳು ಎಲೈಜಾಗಿಂತ ಎಷ್ಟೋ ಚೆನ್ನಾಗಿ ಮಾತಾಡುತ್ತವೆ, ಎದೆಯ ಭಾರ ಒಂದಿಷ್ಟು ಇಳಿಯಲೂಬಹುದು. ಆದರೆ ನಾಳೆ ನೀನು ಕ್ಲಾಸಿಗೆ ಹೋಗದಿದ್ದರೆ, ಮೆಸ್ಸಿನಲ್ಲಿ ನಿನ್ನ ತಟ್ಟೆ ಖಾಲಿಯಿದ್ದರೆ, ಅದು ಬಂದು ರೂಮಿನ ಬಾಗಿಲು ತಟ್ಟುವುದಿಲ್ಲ. ಮಾರ್ಗದರ್ಶನಕ್ಕೂ ಮಾಹಿತಿಗೂ ವ್ಯತ್ಯಾಸ ಇರುವುದು ಇಲ್ಲೇ. ದಾರಿ ತೋರಿಸಿದವರಿಗೆ, ನೀನು ಮುಟ್ಟಿದೆಯೋ ಇಲ್ಲವೋ ಎಂಬ ಚಿಂತೆಯೂ ಇರಬೇಕು.

ಸೆಮಿಸ್ಟರಿನ ನಡುವೆ ಬೇಸರ, ಊರ ನೆನಪು, ಅಳು ಎಲ್ಲರಿಗೂ ಬರುತ್ತದೆ. ಅಲ್ಲೇ ಹತ್ತಿರದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗೆಳತಿಯ ಜೊತೆ ನಾಲ್ಕು ಹೆಜ್ಜೆ ಹಾಕಿದರೆ, ಸರಿಯಾಗಿ ನಿದ್ದೆ ಮಾಡಿದರೆ ಎಷ್ಟೋ ಹಗುರಾಗುತ್ತದೆ. ಆದರೆ ಎರಡು ವಾರವಾದರೂ ನಿದ್ದೆ ಹತ್ತದೆ, ಊಟ ಸೇರದೆ, ಇಷ್ಟದ ಕೆಲಸವೂ ಬೇಡವಾಗಿ, ‘ನಾನಿದ್ದು ಏನು ಪ್ರಯೋಜನ’ ಅನ್ನಿಸುತ್ತಲೇ ಇದ್ದರೆ ಅದನ್ನು ಸೋಮಾರಿತನವೆಂದೋ ಗ್ರಹಚಾರವೆಂದೋ ತಳ್ಳಿಹಾಕಬೇಡ. ಜ್ವರಕ್ಕೆ ಡಾಕ್ಟರ ಬಳಿ ಹೋಗುವಷ್ಟೇ ಸಹಜವಾಗಿ ಸಹಾಯ ಕೇಳು. ಬದುಕೇ ಬೇಡ ಎಂಬ ಯೋಚನೆ ಒಂದೇ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡ, ಆ ಕ್ಷಣವೇ ಪಕ್ಕದ ರೂಮಿನವಳನ್ನು ಎಬ್ಬಿಸು.

14416 ಎಂಬ ನಂಬರನ್ನು ಫೋನಿನಲ್ಲಿ ಈಗಲೇ ಉಳಿಸಿಕೋ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ನಡೆಯುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇರುವವರು ತರಬೇತಾದ ಮನುಷ್ಯರು, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ನಿನ್ನ ಕ್ಯಾಂಪಸ್ಸಿನಲ್ಲೂ ಕೇಳಿ ನೋಡು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕು, ಸಹಾಯವಾಣಿಯ ನಂಬರನ್ನು ಹಾಸ್ಟೆಲ್, ತರಗತಿಗಳಲ್ಲಿ ಕಾಣುವಂತೆ ಹಾಕಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಇದು ಯಾರ ಮುಂದೆಯೂ ಕೈಯೊಡ್ಡುವ ಮಾತಲ್ಲ, ನಿನಗೆ ಸಲ್ಲಬೇಕಾದದ್ದು.

ಈ ಭಾನುವಾರದೊಳಗೆ ಮೂರು ಕೆಲಸ ಮಾಡು. ಹಿಡಿದ ಆನ್‌ಲೈನ್ ಕೋರ್ಸುಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಬಿಡು. ವಿಭಾಗದಲ್ಲಿ ಒಬ್ಬ ಮೇಷ್ಟ್ರನ್ನು ಹುಡುಕಿ, ಅವರ ಕೋಣೆಗೆ ಹೋಗಿ, ಹೆಸರು, ಊರು ಹೇಳಿ ಒಂದು ಸಂದೇಹ ಕೇಳಿ ಬಾ. ಮುಂದೆ ಕಷ್ಟ ಬಂದ ದಿನ ನೀನು ಅವರಿಗೆ ಬರೀ ರಿಜಿಸ್ಟರ್ ನಂಬರ್ ಆಗಿರಬಾರದು. ಕೊನೆಯದಾಗಿ, ಹಾಸ್ಟೆಲಿನಲ್ಲಿ ಒಬ್ಬಳ ಜೊತೆ ಕರಾರು ಮಾಡಿಕೋ: ಎರಡು ಹೊತ್ತು ನೀನು ಊಟಕ್ಕೆ ಕಾಣದಿದ್ದರೆ ಅವಳು ಬಂದು ಕೇಳಬೇಕು, ಅವಳು ಕಾಣದಿದ್ದರೆ ನೀನು. ಈ ಕರಾರಿನ ಎರಡನೆಯ ಭಾಗವನ್ನು ಹೆಚ್ಚು ಶ್ರದ್ಧೆಯಿಂದ ಪಾಲಿಸು. ಬೇರೆಯವರನ್ನು ವಿಚಾರಿಸುವ ಅಭ್ಯಾಸ ಇದ್ದವರಿಗೆ, ತಮ್ಮ ಕಷ್ಟ ಹೇಳಿಕೊಳ್ಳುವುದೂ ಸುಲಭವಾಗುತ್ತದೆ.